ತಗಡು ಹಾಕಿಸುವ ಮುನ್ನ

ಜಯಲಕ್ಷ್ಮಿಪುರಂನಿಂದ ದೇವರಾಜ ಮಾರುಕಟ್ಟೆಗೆ ಮೂರ್ನಾಲ್ಕು ಕಿಲೋಮೀಟರು. ರೈಲು ನಿಲ್ದಾಣ ಅದಕ್ಕಿಂತ ಹತ್ತಿರ. ಮಾನಸಗಂಗೋತ್ರಿ, ಕುಕ್ಕರಹಳ್ಳಿ ಕೆರೆ, ಕಾಳಿದಾಸ ರಸ್ತೆಯ ಅಂಗಡಿಗಳು ನಡೆದು ಹೋಗುವಷ್ಟು ಸಮೀಪ. ಆದರೂ ಕಾರು ತೆಗೆಯುತ್ತೇವೆ, ಎಷ್ಟೋ ಮನೆಗಳಲ್ಲಿ ಅದು ಡೀಸೆಲ್ ಕಾರು. ಇಷ್ಟು ಚಿಕ್ಕ ಓಡಾಟದ ಬಡಾವಣೆಗೆ ಡೀಸೆಲ್ ಕಾರು ಯಾಕೆ ಬಂತು ಎಂದರೆ, ಪೆಟ್ರೋಲಿಗಿಂತ ಡೀಸೆಲ್ ತೀರಾ ಅಗ್ಗವಿದ್ದ ಕಾಲದಲ್ಲಿ ಎಲ್ಲರ ಮನೆಗೂ ಬಂದ ಹಾಗೆಯೇ ಬಂತು. ಕೇಂದ್ರ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟದ್ದು 2014ರ ಅಕ್ಟೋಬರಿನಲ್ಲಿ. ಅದರ ಹಿಂದಿನ ಎರಡು ಮೂರು ವರ್ಷ ದೇಶದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಡೀಸೆಲ್‌ನವು. ಲೀಟರಿಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿದವರು ತಿಂಗಳಿಗೆ ಎಷ್ಟು ಓಡಿಸುತ್ತೇವೆ ಎಂದು ಹಾಕಲಿಲ್ಲ.

ಆ ಕಾರುಗಳಿಗೆ ಈಗ ಹತ್ತು ಹನ್ನೆರಡು ವರ್ಷ. ಸಿಗ್ನಲ್ಲಿನಲ್ಲಿ ನಿಂತರೆ ನಡುಕ, ಆಕ್ಸಿಲರೇಟರ್ ಒತ್ತಿದರೆ ಅರೆಗಳಿಗೆ ತಡ, ಆಮೇಲೆ ಭುಸ್ಸೆಂದು ಕಪ್ಪು ಹೊಗೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಚೆಕ್ ಇಂಜಿನ್ ದೀಪ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿ ನೋಡಿದರೆ ಪಿ0401 ಎಂಬ ಕೋಡು: ಇಜಿಆರ್‌ನಲ್ಲಿ ಹರಿವು ಸಾಲದು. ಆಗ ಬರುವ ಸಲಹೆ ಊರೂರಿಗೂ ಒಂದೇ. "ಸಾರ್, ಅದು ಗಾಡಿ ಬಿಟ್ಟ ಹೊಗೇನ ಗಾಡಿಗೇ ಕುಡಿಸೋ ಪಾರ್ಟು. ಒಂದು ಪ್ಲೇಟ್ ಹಾಕ್ಬಿಡ್ತೀನಿ, ತಲೆನೋವೇ ಇರಲ್ಲ."

ಹಾಕಿಸಬೇಕೇ? ಪೂರ್ತಿ ಮುಚ್ಚುವುದೇ, ತೂತು ಕಿರಿದು ಮಾಡುವುದೇ, ಇದ್ದಂತೆ ಬಿಡುವುದೇ? ಮೆಕ್ಯಾನಿಕ್ಕನ್ನು ಅವಿದ್ಯಾವಂತನೆಂದು ತಳ್ಳಿಹಾಕಿ ಈ ಪ್ರಶ್ನೆಗೆ ಉತ್ತರಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಂಜಿನ್ನಿನ ಬಗ್ಗೆ ಅವನು ಹೇಳುವುದರಲ್ಲಿ ಬಹುಪಾಲು ನಿಜ. ತಪ್ಪಿರುವುದು ಬೇರೆ ಕಡೆ.

ಮೊದಲು ಆ ಭಾಗದ ಕೆಲಸ ನೋಡೋಣ. ಇಜಿಆರ್ ಎಂದರೆ ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಷನ್. ಸೈಲೆನ್ಸರಿನತ್ತ ಹೊರಟ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿಸಿ, ತಣ್ಣಗಾಗಿಸಿ, ಒಳಬರುವ ಗಾಳಿಯ ಜೊತೆ ಮತ್ತೆ ಸಿಲಿಂಡರಿಗೆ ಕಳಿಸುವ ಕವಾಟ. ಹುಚ್ಚುತನದಂತೆ ಕಾಣುವ ಈ ಏರ್ಪಾಡಿಗೆ ಕಾರಣ ನಾವು ಉಸಿರಾಡುವ ಗಾಳಿಯೇ. ಗಾಳಿಯಲ್ಲಿ ಶೇಕಡ 78 ನೈಟ್ರೋಜನ್. ಸಾಮಾನ್ಯವಾಗಿ ಯಾರ ತಂಟೆಗೂ ಹೋಗದ ಅನಿಲ ಅದು. ಆದರೆ ಸಿಲಿಂಡರಿನೊಳಗಿನ ಉರಿ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನೈಟ್ರೋಜನ್ ಆಮ್ಲಜನಕದೊಡನೆ ಕೂಡಿಕೊಂಡು ನೈಟ್ರೋಜನ್ ಆಕ್ಸೈಡುಗಳಾಗತೊಡಗುತ್ತದೆ. ಗ್ಯಾರೇಜಿನವರೂ ಎಂಜಿನಿಯರರೂ ನಾಕ್ಸ್ ಎನ್ನುವುದು ಇದಕ್ಕೇ. ಉಷ್ಣತೆ ಏರಿದ ಹಾಗೆ ನಾಕ್ಸ್ ಹುಟ್ಟುವ ವೇಗ ಜಿಗಿಜಿಗಿದು ಏರುತ್ತದೆ. ಒಮ್ಮೆ ಉರಿದು ಬಂದ ಹೊಗೆಯಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹೆಚ್ಚು. ಇವೆರಡೂ ಶಾಖ ಹೀರುತ್ತವೆ. ಆ ಹೊಗೆ ಬೆರೆತರೆ ಉರಿಯ ತುದಿ ತಗ್ಗುತ್ತದೆ, ನಾಕ್ಸ್ ಕುಗ್ಗುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನಿಗೆ ಗಾಳಿ ಎಲ್ಲವೂ ಬೇಕು, ಆಗ ಕವಾಟ ಮುಚ್ಚಿರುತ್ತದೆ. ಅದು ಹೆಚ್ಚು ತೆರೆದುಕೊಳ್ಳುವುದು ಐಡ್ಲಿಂಗ್‌ನಲ್ಲಿ, ಊರೊಳಗಿನ ನಿಧಾನದ ಓಟದಲ್ಲಿ. ಅಂದರೆ ಹಾಲಿನ ಅಂಗಡಿ, ಬ್ಯಾಂಕು, ದೇವಸ್ಥಾನ ಸುತ್ತುವ ಜಯಲಕ್ಷ್ಮಿಪುರಂನ ಕಾರಿನಲ್ಲಿ ಅದು ಸದಾ ದುಡಿಯುತ್ತಿರುತ್ತದೆ.

ತೊಂದರೆ ಹುಟ್ಟುವುದೂ ಅಲ್ಲೇ. ಆಮ್ಲಜನಕ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಹೆಚ್ಚುತ್ತದೆ. ಆ ಮಸಿ ಇಜಿಆರ್ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಬರುತ್ತದೆ. ಅತ್ತ ಕ್ರ್ಯಾಂಕ್‌ಕೇಸಿನಿಂದ ಎಣ್ಣೆಯ ಆವಿಯೂ ಅದೇ ದಾರಿಗೆ ಬರುತ್ತದೆ. ಎರಡೂ ಸೇರಿ, ಸೌದೆ ಒಲೆಯ ಅಡುಗೆಮನೆಯ ಜಂತೆಗೆ ಕಟ್ಟುತ್ತಿದ್ದ ಇಲ್ಲಣದ ಹಾಗೆ ಪದರಪದರವಾಗಿ ಕೂರುತ್ತವೆ. ಇಂಜಿನ್ ಚೆನ್ನಾಗಿ ಕಾದು ಓಡಿದರೆ ಇದು ಅಷ್ಟು ಬೇಗ ಕಟ್ಟುವುದಿಲ್ಲ. ಮೂರು ಕಿಲೋಮೀಟರ್ ಓಡಿ ನಿಂತು, ತಣ್ಣಗಾಗಿ, ಮತ್ತೆ ಮೂರು ಕಿಲೋಮೀಟರ್ ಓಡುವ ಕಾರಿನಲ್ಲಿ ಕಟ್ಟದೆ ಇರುವುದಿಲ್ಲ. ಕವಾಟ ಪೂರ್ತಿ ಮುಚ್ಚಲಾರದೆ ಅರೆತೆರೆದೇ ಸಿಕ್ಕಿಕೊಂಡರೆ, ಪೂರ್ಣ ಶಕ್ತಿ ಬೇಕಾದಾಗಲೂ ಹೊಗೆ ಒಳಗೆ ನುಗ್ಗುತ್ತದೆ. ಪಿಕಪ್ ಸಾಯುವುದು ಆಗ.

ಹಾಗಾಗಿ ಪ್ಲೇಟ್ ಹಾಕಿಸಿದವರು "ಗಾಡಿ ಹೊಸದಾದಂಗಾಯ್ತು" ಎಂದರೆ ಅವರನ್ನು ಅನುಮಾನಿಸಬೇಕಿಲ್ಲ. ಸಿಕ್ಕಿಕೊಂಡಿದ್ದ ಕವಾಟವನ್ನು ಮುಚ್ಚಿದರೆ ಹೊಸತನದ ಅನುಭವ ಬಂದೇ ಬರುತ್ತದೆ, ತೊಳೆಸಿದ್ದರೂ ಬರುತ್ತಿತ್ತು. ಕವಾಟ ಸರಿಯಿರುವ ಕಾರಿನಲ್ಲಿಯೂ ಕೆಳ ವೇಗದಲ್ಲಿ ಸ್ವಲ್ಪ ಚುರುಕು ಕಾಣುವುದು ನಿಜ. ಟರ್ಬೋ ತಿರುಗಿಸುವ ಮೊದಲೇ ಇಜಿಆರ್‌ಗೆ ಕವಲೊಡೆಯುತ್ತಿದ್ದ ಹೊಗೆಯೆಲ್ಲ ಈಗ ಟರ್ಬೋಗೇ ಹೋಗುತ್ತದೆ, ಜೊತೆಗೆ ಕವಾಟ ಮುಚ್ಚಿಕೊಳ್ಳುವ ತನಕ ಕಾಯುವ ಆ ಅರೆಗಳಿಗೆ ಉಳಿಯುತ್ತದೆ. ಗರಿಷ್ಠ ಶಕ್ತಿ ಮಾತ್ರ ಒಂದಿಷ್ಟೂ ಹೆಚ್ಚುವುದಿಲ್ಲ, ಏಕೆಂದರೆ ಆಗ ಕವಾಟ ಹೇಗೂ ಮುಚ್ಚಿಯೇ ಇರುತ್ತದೆ. ಇಂಜಿನ್ ಆಯಿಲ್ ಬೇಗ ಕಪ್ಪಾಗುವುದಿಲ್ಲ, ಮ್ಯಾನಿಫೋಲ್ಡ್ ಸ್ವಚ್ಛವಾಗಿರುತ್ತದೆ, ಹೊಗೆಯೂ ಕಡಿಮೆ ಎಂಬ ಮಾತುಗಳೂ ನಿಜವೇ. ಮೈಲೇಜ್ ಬಹಳ ಏರಿತು ಎಂಬುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹೊಸದಾಗಿ ರಿಪೇರಿ ಮಾಡಿಸಿಕೊಂಡು ಬಂದವನ ಪಾದ ಒಂದಷ್ಟು ದಿನ ಹಗುರವಾಗಿಯೇ ಇರುತ್ತದೆ.

ಎದುರು ಪಕ್ಷದವರು ಹೇಳುವ ಒಂದು ಭಯವೂ ಉತ್ಪ್ರೇಕ್ಷೆ: ಇಜಿಆರ್ ಮುಚ್ಚಿದರೆ ಶಾಖಕ್ಕೆ ಪಿಸ್ಟನ್ ಕರಗುತ್ತದೆ ಎಂಬುದು. ಉರಿಯ ತುದಿ ಬಿಸಿಯಾಗುವುದು ಹೌದು, ಆದರೆ ಇಂಜಿನ್ ಅತಿ ಹೆಚ್ಚು ಹೊರೆ ಹೊರುವಾಗ ಕವಾಟವಿಲ್ಲದೆಯೇ ಓಡುವಂತೆ ಅದನ್ನು ಕಟ್ಟಿರುತ್ತಾರೆ. ಹಳೆಯ ಮಾದರಿಯ ಇಂಜಿನ್ನಿನ ಆಯುಷ್ಯವಷ್ಟೇ ಲೆಕ್ಕವಾದರೆ, ಪ್ಲೇಟ್ ಹಾಕಿಸುವುದರಿಂದ ದೊಡ್ಡ ನಷ್ಟವೇನಿಲ್ಲ.

ಲೆಕ್ಕ ಅಷ್ಟೇ ಅಲ್ಲವಲ್ಲ. ಪಕ್ಕದ ಯಾದವಗಿರಿಯಲ್ಲಿ 1996ರ ತನಕ ಜಾವಾ, ಯೆಜ್ಡಿ ತಯಾರಾಗುತ್ತಿದ್ದ ಊರು ಇದು. ಟೂ ಸ್ಟ್ರೋಕ್ ಬೈಕಿನ ನೀಲಿ ಹೊಗೆ ನೋಡಿ ಬೆಳೆದ ನಮಗೆ ಮಾಲಿನ್ಯವೆಂದರೆ ಕಣ್ಣಿಗೆ ಕಾಣಬೇಕು, ಮೂಗಿಗೆ ಬಡಿಯಬೇಕು. ಇಜಿಆರ್ ಮುಚ್ಚಿದ ಕಾರಿನ ಸೈಲೆನ್ಸರಿನಿಂದ ಕಾಣುವ ಹೊಗೆ ಕಡಿಮೆಯಾಗಿ, ಕಾಣದ ನಾಕ್ಸ್ ಹೆಚ್ಚಾಗುತ್ತದೆ. ನೈಟ್ರೋಜನ್ ಡೈಆಕ್ಸೈಡ್ ಶ್ವಾಸನಾಳವನ್ನು ಕೆರಳಿಸುತ್ತದೆ, ಆಸ್ತಮಾ ಇದ್ದವರನ್ನು ಬೇಗ ಕಾಡುತ್ತದೆ. ಬಿಸಿಲಿನಲ್ಲಿ ನೆಲಮಟ್ಟದ ಓಝೋನ್ ಆಗಲು, ಗಾಳಿಯಲ್ಲಿ ನೈಟ್ರೇಟ್ ಕಣಗಳಾಗಿ ಕೂಡಿಕೊಳ್ಳಲು ಕೂಡ ಇದೇ ಮೂಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ವಾರ್ಷಿಕ ಸರಾಸರಿಯ ಮಿತಿಯನ್ನು ಘನ ಮೀಟರಿಗೆ 40 ಮೈಕ್ರೋಗ್ರಾಂನಿಂದ 10ಕ್ಕೆ ಇಳಿಸಿತು. ನಮ್ಮ ದೇಶದ ಮಿತಿ ಇಂದಿಗೂ 40.

ಮೈಸೂರಿನ ಗಾಳಿ ಚೆನ್ನಾಗಿದೆಯಲ್ಲ, ಒಂದು ಕಾರಿನಿಂದ ಏನಾದೀತು ಎಂಬ ಮಾತು ಬರುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ, ಮೈಸೂರಿಲ್ಲ. ಆದರೆ ನಾಕ್ಸ್ ಊರಿನ ಸರಾಸರಿಯಾಗುವ ಮೊದಲು ಒಂದು ಬೀದಿಯ ಗಾಳಿಯಾಗಿರುತ್ತದೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಇಂಜಿನ್ ಚಾಲೂ ಇಟ್ಟುಕೊಂಡು ನಿಲ್ಲುವ ಕಾರುಗಳ ಸಾಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐಡ್ಲಿಂಗ್‌ನಲ್ಲಿಯೇ ಇಜಿಆರ್‌ನ ಕೆಲಸ ಹೆಚ್ಚು ಎಂಬುದನ್ನು ಇಲ್ಲಿ ನೆನೆದರೆ ಸಾಕು.

ಎಷ್ಟು ಹೆಚ್ಚುತ್ತದೆ ಎಂಬುದು ಇಂಜಿನ್ನಿನ ಮೇಲೆ ನಿಂತಿದೆ. ಕಾನೂನಿನ ಮಿತಿಗಳನ್ನು ನೋಡಿದರೆ ಅಂದಾಜು ಸಿಗುತ್ತದೆ. ಡೀಸೆಲ್ ಕಾರು ಕಿಲೋಮೀಟರಿಗೆ ಬಿಡಬಹುದಾದ ನಾಕ್ಸ್ ಭಾರತ್ ಸ್ಟೇಜ್ ಅಂದರೆ ಬಿಎಸ್ 3ರಲ್ಲಿ 0.50 ಗ್ರಾಂ, ಬಿಎಸ್ 4ರಲ್ಲಿ 0.25, ಬಿಎಸ್ 6ರಲ್ಲಿ 0.08. ಬಿಎಸ್ 4 ದೊಡ್ಡ ನಗರಗಳಿಗೆ 2010ರಲ್ಲಿ ಬಂತು, ಬೆಂಗಳೂರು ಆ ಪಟ್ಟಿಯಲ್ಲಿತ್ತು. ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್ 1ರಂದು. ಮುಂದಿನದನ್ನು ಬಿಟ್ಟು 2020ರ ಏಪ್ರಿಲ್ 1ಕ್ಕೆ ನೇರ ಬಿಎಸ್ 6ಕ್ಕೆ ಹಾರಿದೆವು. ಬಿಎಸ್ 4ರ ಕಾರುಗಳಲ್ಲಿ ನಾಕ್ಸ್ ತಡೆಯುವ ಮುಖ್ಯ ಸಾಧನ ಇಜಿಆರ್ ಒಂದೇ. ಅದನ್ನು ತೆಗೆದರೆ ಆ ಕಾರು ಕಾಗದದ ಮೇಲೆ ಮಾತ್ರ ಬಿಎಸ್ 4.

ಇಷ್ಟಾದರೂ ಎಮಿಷನ್ ಟೆಸ್ಟಿನಲ್ಲಿ ಸಿಕ್ಕಿಬೀಳುವುದಿಲ್ಲವೇ ಎಂದರೆ, ಇಲ್ಲ. ಈ ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕೆರಳಿಸುವುದು ಇದೇ. ಪೆಟ್ರೋಲ್ ಬಂಕಿನ ಪಕ್ಕದ ವ್ಯಾನಿನಲ್ಲಿ ಡೀಸೆಲ್ ಗಾಡಿಗೆ ಮಾಡುವ ಪರೀಕ್ಷೆ ಹೊಗೆ ಎಷ್ಟು ದಟ್ಟ ಎಂಬುದೊಂದನ್ನೇ ಅಳೆಯುತ್ತದೆ. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ, ಹೊಗೆಯ ಮೂಲಕ ಬೆಳಕು ಹಾಯಿಸಿ, ಎಷ್ಟು ತಡೆಯಿತು ಎಂದು ನೋಡುತ್ತಾರೆ. ಬಿಎಸ್ 4ಕ್ಕೆ ಮಿತಿ 1.62, ಅದಕ್ಕಿಂತ ಹಳೆಯದಕ್ಕೆ 2.45, ಬಿಎಸ್ 6ಕ್ಕೆ 0.7. ನಾಕ್ಸ್ ಅಳೆಯುವ ಪ್ರಶ್ನೆಯೇ ಇಲ್ಲಿಲ್ಲ. ಇಜಿಆರ್ ಮುಚ್ಚಿದರೆ ಮಸಿ ಇಳಿಯುವುದರಿಂದ ಅಂಥ ಕಾರು ಈ ಪರೀಕ್ಷೆಯಲ್ಲಿ ಮುಂಚಿಗಿಂತ ಒಳ್ಳೆಯ ಅಂಕ ಪಡೆಯಲೂಬಹುದು! ಸರ್ಕಾರವೇ ಕೊಟ್ಟ ಸರ್ಟಿಫಿಕೇಟನ್ನು ಗಾಜಿನ ಹಿಂದೆ ಇಟ್ಟುಕೊಂಡ ಮಾಲೀಕನಿಗೆ "ನೀನು ಗಾಳಿ ಕೆಡಿಸುತ್ತಿದ್ದೀಯ" ಎಂದರೆ ಅವನು ನಗದೆ ಇನ್ನೇನು ಮಾಡಿಯಾನು?

ಕಾನೂನು ಮಾತ್ರ ಕಾಗದದ ಮೇಲೆ ಕಟುವಾಗಿಯೇ ಇದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನ ಪ್ರಕಾರ ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸಿದರೆ ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು. ಕಾಯ್ದೆ ಒಪ್ಪದ ರೀತಿಯಲ್ಲಿ ಗಾಡಿಯ ಭಾಗಗಳನ್ನು ಬದಲಾಯಿಸಿದ ಮಾಲೀಕನಿಗೆ 182ಎ(4)ರಲ್ಲಿ ಪ್ರತಿ ಬದಲಾವಣೆಗೆ ಐದು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಸೆರೆ. ಬಾನೆಟ್ಟಿನೊಳಗೆ ಎರಡು ಬೋಲ್ಟುಗಳ ನಡುವೆ ಅಡಗಿದ ತಗಡಿನ ತುಂಡನ್ನು ಹುಡುಕುವವರು ರಸ್ತೆಯಲ್ಲಿ ಯಾರೂ ಇಲ್ಲದ್ದರಿಂದ ಈ ಕಲಮುಗಳಿಗೆ ಹೆದರುವವರೂ ಕಡಿಮೆ.

ಇದೇ ಕೆಲಸವನ್ನು ಗ್ಯಾರೇಜಿನ ಹುಡುಗನಲ್ಲ, ಜಗತ್ತಿನ ಅತಿ ದೊಡ್ಡ ಕಾರು ಕಂಪನಿಗಳಲ್ಲಿ ಒಂದಾದ ಫೋಕ್ಸ್‌ವ್ಯಾಗನ್ ಮಾಡಿದಾಗ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಅದರಲ್ಲಿ ನಮ್ಮವರ ಪಾತ್ರ ಎಲ್ಲರಿಗೂ ಗೊತ್ತಿಲ್ಲ. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಪುಟ್ಟ ತಂಡ ಡೀಸೆಲ್ ಕಾರುಗಳ ಡಿಕ್ಕಿಯಲ್ಲಿ ಅಳತೆಯ ಯಂತ್ರ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿತು. ಆ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಇದ್ದರು. ಜೊತೆಗೆ ಅರವಿಂದ್ ತಿರುವೆಂಗಡಂ, ಮಾರ್ಕ್ ಬೆಶ್. ಪ್ರಯೋಗಾಲಯದಲ್ಲಿ ಸಾಧುವಾಗಿದ್ದ ಫೋಕ್ಸ್‌ವ್ಯಾಗನ್ ಜೆಟ್ಟಾ ರಸ್ತೆಯಲ್ಲಿ ಅಮೆರಿಕದ ಮಿತಿಗಿಂತ 15ರಿಂದ 35 ಪಟ್ಟು ನಾಕ್ಸ್ ಬಿಟ್ಟಿತು. ಆ ವರದಿಯ ಎಳೆ ಹಿಡಿದೇ 2015ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯನ್ನು ವಂಚಿಸುವ ಸಾಫ್ಟ್‌ವೇರಿನ ಹಗರಣ ಸ್ಫೋಟಿಸಿದ್ದು. ಅದನ್ನು ಬಯಲಿಗೆಳೆಯಲು ನೆರವಾದ ಕಪ್ಪಣ್ಣ ಮುಂದೆ ಜನರಲ್ ಮೋಟಾರ್ಸ್ ಸೇರಿ, 2019ರಲ್ಲಿ ಸಾವಿರಾರು ಜನರ ಜೊತೆ ಕೆಲಸ ಕಳೆದುಕೊಂಡು ಬೆಂಗಳೂರಿಗೆ ಮರಳಿದರು. ಕರ್ನಾಟಕದಲ್ಲಿ ಈ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

ಭಾರತದಲ್ಲಿ ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಅದೇ ಕಂಪನಿಯ ಕಾರುಗಳನ್ನು ರಸ್ತೆಯಲ್ಲಿ ಪರೀಕ್ಷಿಸಿದಾಗ ನಾಕ್ಸ್ ಬಿಎಸ್ 4 ಮಿತಿಯ 1.1ರಿಂದ 2.6 ಪಟ್ಟು ಇತ್ತು. 2015ರ ಡಿಸೆಂಬರಿನಲ್ಲಿ ಕಂಪನಿ ಇಲ್ಲಿಯ 3.23 ಲಕ್ಷ ಕಾರುಗಳನ್ನು ವಾಪಸು ಕರೆಸಿಕೊಂಡು ಸಾಫ್ಟ್‌ವೇರ್ ಬದಲಿಸಲು ಒಪ್ಪಿತು. ಆ ಇಂಜಿನ್ನುಗಳ ಗುಟ್ಟಿನ ಸಾಫ್ಟ್‌ವೇರ್ ಮಾಡುತ್ತಿದ್ದದ್ದು ಏನು? ಪರೀಕ್ಷೆಯ ಹೊತ್ತಿನಲ್ಲಿ ಇಜಿಆರ್ ಚೆನ್ನಾಗಿ ತೆರೆದು, ರಸ್ತೆಗೆ ಇಳಿದ ಮೇಲೆ ಕಿರಿದು ಮಾಡುವುದು. ನಮ್ಮ ಮೆಕ್ಯಾನಿಕ್ ತಗಡಿನಲ್ಲಿ ಮಾಡುವುದನ್ನು ಅವರು ಕೋಡಿನಲ್ಲಿ ಮಾಡಿದ್ದರು.

ಸಾಫ್ಟ್‌ವೇರ್ ಸರಿಪಡಿಸಿದ ಮೇಲೆ ನಡೆದದ್ದು ಇನ್ನೂ ಕುತೂಹಲದ್ದು. ಇಜಿಆರ್ ಕಾನೂನಿನ ಪ್ರಕಾರ ಕೆಲಸ ಮಾಡತೊಡಗಿದೊಡನೆ ಕವಾಟಗಳು ಬೇಗ ಕಟ್ಟಿಕೊಳ್ಳುತ್ತಿವೆ, ಕೆಡುತ್ತಿವೆ ಎಂದು ಯುರೋಪಿನಲ್ಲಿ ಬಹಳ ಮಾಲೀಕರು ದೂರಿದರು. ಕಂಪನಿಗಳೂ ನ್ಯಾಯಾಲಯದಲ್ಲಿ ಅದನ್ನೇ ವಾದಿಸಿದವು: ಇಂಜಿನ್ ಉಳಿಸಲು ಇಜಿಆರ್ ತಗ್ಗಿಸಬೇಕಾಯಿತು ಎಂದು. 2020ರ ಡಿಸೆಂಬರ್ 17ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ಹಠಾತ್ ಮತ್ತು ಅಸಾಧಾರಣ ಹಾನಿ ತಪ್ಪಿಸಲು ಮಾತ್ರ ವಿನಾಯಿತಿ. ಇಂಜಿನ್ ಸವೆಯದಿರಲಿ, ಮಸಿ ಕಟ್ಟದಿರಲಿ ಎಂಬುದು ಸಾಕಾದ ಕಾರಣವಲ್ಲ ಎಂದಿತು. 2022ರ ಜುಲೈ 14ರ ಇನ್ನೊಂದು ತೀರ್ಪು, 15ರಿಂದ 33 ಡಿಗ್ರಿ ಉಷ್ಣತೆ ಮತ್ತು ಸಾವಿರ ಮೀಟರಿಗಿಂತ ಕೆಳಗಿನ ಎತ್ತರದಲ್ಲಿ ಮಾತ್ರ ಇಜಿಆರ್ ಪೂರ್ತಿ ಕೆಲಸ ಮಾಡುವ ಏರ್ಪಾಡಿನ ಬಗ್ಗೆ. ಅದೂ ಸಲ್ಲದೆಂದಾಯಿತು. (ಆ ಲೆಕ್ಕವನ್ನು ನಮ್ಮ ಕಡೆಗೆ ಹಚ್ಚಿದರೆ ಬೇಸಿಗೆಯ ಮಧ್ಯಾಹ್ನಗಳನ್ನು ಬಿಟ್ಟು ಮೈಸೂರು ಪಾಸು, ಮಡಿಕೇರಿ ಫೇಲು.)

ಇಡೀ ಚರ್ಚೆಯ ತಿರುಳು ನನಗೆ 2020ರ ತೀರ್ಪಿನಲ್ಲಿ ಸಿಗುತ್ತದೆ. ಮಸಿ ಕಟ್ಟುವುದು ಸುಳ್ಳು ಎಂದು ನ್ಯಾಯಾಲಯ ಹೇಳಲಿಲ್ಲ. ಅದು ಕಾರು ಇಟ್ಟುಕೊಂಡವನ ಮತ್ತು ಕಾರು ಮಾಡಿದವನ ಖರ್ಚು, ಬೀದಿಯವರ ಶ್ವಾಸಕೋಶದ ಮೇಲೆ ಹೇರುವಂತಿಲ್ಲ ಎಂಬುದೇ ಆ ತೀರ್ಪಿನ ಅರ್ಥ. ಮೆಕ್ಯಾನಿಕ್ ತಪ್ಪುವುದು ಇಲ್ಲಿಯೇ. ಗಿರಾಕಿಯ ಜೇಬು ಉಳಿಸುವ ಅವನ ಲೆಕ್ಕ ಗೇಟಿನಾಚೆಗೆ ಹೋಗುವುದಿಲ್ಲ.

ಇಜಿಆರ್ ಪರ ವಕಾಲತ್ತು ಹಾಕುವಾಗ ಅದರ ಕೆಟ್ಟ ಅಧ್ಯಾಯಗಳನ್ನು ಮುಚ್ಚಿಡಬಾರದು. 2018ರ ಬೇಸಿಗೆಯಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳು ಓಡುತ್ತಿದ್ದ ಹಾಗೇ ಹೊತ್ತಿಕೊಂಡವು. ಇಜಿಆರ್ ಕೂಲರ್ ಸೋರಿ, ಕೂಲೆಂಟ್ ಮಸಿಯೊಡನೆ ಬೆರೆತು, ಬಿಸಿ ಹೊಗೆ ತಾಗಿ ಹೊತ್ತಿಕೊಂಡಿತ್ತು. ಆ ಒಂದು ದೇಶದಲ್ಲೇ ಲಕ್ಷಕ್ಕೂ ಹೆಚ್ಚು ಕಾರುಗಳು ವಾಪಸಾದವು. ಕೆಟ್ಟ ವಿನ್ಯಾಸದ ಇಜಿಆರ್ ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದಕ್ಕೆ ಉತ್ತರ ಕಂಪನಿಯಿಂದ ಸರಿಯಾದ ಭಾಗ ಪಡೆಯುವುದು.

ಪೂರ್ತಿ ಮುಚ್ಚದೆ ಕಿರಿದು ಮಾಡಿದರೆ? ಆರೆಂಟು ಮಿಲಿಮೀಟರ್ ತೂತಿರುವ ಪ್ಲೇಟ್ ಹಾಕುತ್ತಾರೆ. ನಡುದಾರಿಯಂತೆ ಕೇಳಿಸುತ್ತದೆ. ಆದರೆ ತೂತು ಬಿಡುವುದು ಗಾಳಿಯ ಮೇಲಿನ ಕರುಣೆಯಿಂದಲ್ಲ, ಇಂಜಿನ್ನಿನ ಕಂಪ್ಯೂಟರನ್ನು ಯಾಮಾರಿಸಲು. ಹಳೆಯ ವ್ಯಾಕ್ಯೂಮ್ ಮಾದರಿಯ ಕಾರುಗಳಲ್ಲಿ ಪೈಪು ಕಿತ್ತು ಸ್ಕ್ರೂ ತುರುಕಿದರೂ ಕಂಪ್ಯೂಟರಿಗೆ ಗೊತ್ತಾಗುತ್ತಿರಲಿಲ್ಲ. ಆಮೇಲಿನವು ಒಳಬರುವ ಗಾಳಿಯನ್ನು ಸೆನ್ಸರಿನಿಂದ ಅಳೆದು, ಇಜಿಆರ್ ತೆರೆದರೂ ಗಾಳಿ ಕಡಿಮೆಯಾಗಲಿಲ್ಲವೆಂದರೆ ದೀಪ ಹಚ್ಚುತ್ತವೆ, ಕೆಲವು ಶಕ್ತಿ ತಗ್ಗಿಸಿ ಓಡುತ್ತವೆ. ದೀಪ ಹತ್ತದಷ್ಟು ಗಾಳಿ ಕಡಿಮೆಯಾಗಲಿ ಎಂದು ಆ ತೂತು. ಮಸಿ ಸ್ವಲ್ಪ ನಿಧಾನವಾಗಿ ಕಟ್ಟುತ್ತದೆ, ನಾಕ್ಸ್ ಏರುತ್ತದೆ, ಕವಾಟ ಕೆಟ್ಟರೆ ತಿಳಿಸಬೇಕಾದ ದೀಪವೂ ಸುಳ್ಳು ಹೇಳತೊಡಗುತ್ತದೆ.

ಬಿಎಸ್ 6 ಕಾರಿನವರಿಗೆ ನಾನು ಹೇಳುವುದು ಒಂದೇ ಮಾತು: ಮುಟ್ಟಬೇಡಿ. ಅಲ್ಲಿ ಇಜಿಆರ್ ಜೊತೆಗೆ ಮಸಿ ಹಿಡಿಯುವ ಡಿಪಿಎಫ್ ಇದೆ, ನಾಕ್ಸ್ ಹಿಡಿಯುವ ಬಲೆ ಅಥವಾ ಶೇಕಡ 32.5ರ ಯೂರಿಯಾ ದ್ರಾವಣ ಚಿಮ್ಮಿಸುವ ಏರ್ಪಾಡಿದೆ. 2023ರ ಏಪ್ರಿಲ್‌ನಿಂದ ಹೊಸ ಕಾರುಗಳು ರಸ್ತೆಯ ಓಟದಲ್ಲಿಯೂ ಅಳತೆಗೆ ಒಳಪಡುತ್ತವೆ. ಇವೆಲ್ಲ ಒಂದನ್ನೊಂದು ನಂಬಿ ಲೆಕ್ಕ ಹಾಕುವ ಭಾಗಗಳು. ಒಂದನ್ನು ಕಟ್ಟಿಹಾಕಿದರೆ ಉಳಿದವುಗಳ ಲೆಕ್ಕ ತಪ್ಪುತ್ತದೆ, ವಾರಂಟಿಯೂ ಹೋಗುತ್ತದೆ. ಸಾಫ್ಟ್‌ವೇರಿನಲ್ಲೇ ಅಳಿಸಿಕೊಡುತ್ತೇವೆ ಎನ್ನುವ ರೀಮ್ಯಾಪ್‌ನವರು, ನನ್ನನ್ನು ಕೇಳಿದರೆ, ಪರೀಕ್ಷೆ ತಪ್ಪಿಸುವ ಅದೇ ಹಳೆಯ ಜಾಣತನವನ್ನು ಚಿಲ್ಲರೆಯಲ್ಲಿ ಮಾರುವವರು.

ಮತ್ತೆ ಮಾಡಬೇಕಾದ್ದೇನು? ತೊಳೆಸಿ. ಕವಾಟ ಬಿಚ್ಚಿ, ಕಾರ್ಬ್ ಕ್ಲೀನರ್ ಹೊಡೆದು, ಮೋಟಾರಿನ ಭಾಗಕ್ಕೆ ದ್ರಾವಣ ತಾಗದಂತೆ ಮಸಿ ಕೆರೆದು, ಕೂಲರ್ ಮತ್ತು ಮ್ಯಾನಿಫೋಲ್ಡ್ ಕೂಡ ನೋಡಿ, ಸ್ಕ್ಯಾನರಿನಲ್ಲಿ ಕವಾಟದ ಹೊಸ ಸ್ಥಾನವನ್ನು ಕಲಿಸಿದರೆ ಬಹಳಷ್ಟು ಕಾರುಗಳು ಚೇತರಿಸಿಕೊಳ್ಳುತ್ತವೆ. ತೊಳೆದರೂ ಮತ್ತೆ ಬೇಗ ಕಟ್ಟಿದರೆ ಮೂಲ ಬೇರೆಡೆ ಇರುತ್ತದೆ: ತೊಟ್ಟಿಕ್ಕುವ ಇಂಜೆಕ್ಟರ್, ಎಣ್ಣೆ ಬಿಡುವ ಟರ್ಬೋ, ಕೊಳಕಾದ ಏರ್ ಫಿಲ್ಟರ್, ಕೆಟ್ಟ ಏರ್‌ಫ್ಲೋ ಸೆನ್ಸರ್. ಪ್ಲೇಟ್ ಹಾಕಿದರೆ ಇವೆಲ್ಲ ಮರೆಯಾಗುತ್ತವೆ, ವಾಸಿಯಾಗುವುದಿಲ್ಲ. ಹಾಗೆಯೇ ವಾರಕ್ಕೊಮ್ಮೆಯಾದರೂ ಇಂಜಿನ್ ಪೂರ್ತಿ ಕಾಯಲಿ. ಹುಣಸೂರು ರಸ್ತೆ ಮನೆಯ ಪಕ್ಕದಲ್ಲೇ ಇದೆ. ಹುಣಸೂರಿನ ತನಕ ಸುಮಾರು 45 ಕಿಲೋಮೀಟರ್, ಒಂದು ಗೇರು ಕೆಳಗಿಟ್ಟು ಹೋಗಿಬಂದರೆ ಸಾಕು. ಕೆಲಸವಿಲ್ಲದೆ ಡೀಸೆಲ್ ಸುಡುವುದು ಹಾಸ್ಯಾಸ್ಪದ ಎನ್ನುವವರಿಗೆ ನನ್ನ ಬಳಿ ಉತ್ತರವಿಲ್ಲ. ಅವರು ಆ ಕಾರನ್ನು ದಿನಾ ಮಡಿಕೇರಿಗೋ ಊಟಿಗೋ ಓಡಿಸುವ ಟ್ಯಾಕ್ಸಿಯವರಿಗೆ ಮಾರಿ ಪೆಟ್ರೋಲ್ ಕಾರು ಕೊಳ್ಳುವುದೇ ವಾಸಿ.

ಸರ್ಕಾರ ಮಾಡಬೇಕಾದ್ದು ಇದಕ್ಕಿಂತ ಸುಲಭ. ಎಮಿಷನ್ ಟೆಸ್ಟಿನಲ್ಲಿ ಹೊಗೆಯ ಜೊತೆಗೆ ಕಾರಿನ ಓಬಿಡಿ ಪೋರ್ಟಿಗೆ ಸ್ಕ್ಯಾನರ್ ಹಾಕಿ ಇಜಿಆರ್ ಕೋಡು ನೋಡುವುದನ್ನು ಕಡ್ಡಾಯ ಮಾಡಿದರೆ, ಪ್ಲೇಟ್ ಹಾಕಿದ ಕಾರುಗಳಲ್ಲಿ ಒಂದು ಪಾಲು ಅಂದೇ ಸಿಗುತ್ತದೆ. ಸಿಗದ ಪಾಲಿಗೆ ನಾಕ್ಸ್ ಅಳೆಯುವ ಯಂತ್ರವೇ ಬೇಕು.

ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸಿತು. ದೇಶದ ಡೀಸೆಲ್ ಇಂಜಿನ್ ಎಂದೇ ಹೆಸರಾಗಿದ್ದ ಫಿಯಟ್ ಮೂಲದ 1.3 ಲೀಟರ್ ಇಂಜಿನ್ನಿನ ಸ್ವಿಫ್ಟ್, ಡಿಜೈರ್‌ಗಳು ಈಗ ಸೆಕೆಂಡ್ ಹ್ಯಾಂಡ್ ಸಂತೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿವೆ. ಅಂಥದನ್ನು ಕೊಳ್ಳುವವರು ಬಾನೆಟ್ ಎತ್ತಿಸಿ, ಇಜಿಆರ್ ಪೈಪಿನ ಜೋಡಣೆಯ ಗ್ಯಾಸ್ಕೆಟ್ ಜಾಗದಲ್ಲಿ ಹೊಳೆಯುವ ಉಕ್ಕಿನ ಅಂಚು ಕಾಣುತ್ತದೆಯೇ, ಬೋಲ್ಟುಗಳ ತಲೆ ಹೊಸದಾಗಿ ಸವೆದಿದೆಯೇ ನೋಡಬೇಕು. ಇಗ್ನಿಷನ್ ಹಾಕಿದಾಗ ಚೆಕ್ ಇಂಜಿನ್ ದೀಪ ಒಮ್ಮೆ ಹೊತ್ತಿ ಆರಬೇಕು. ಹೊತ್ತಲೇ ಇಲ್ಲವೆಂದರೆ ಬಲ್ಬು ಕಿತ್ತಿರಬಹುದು. ಸ್ಕ್ಯಾನರಿನಲ್ಲಿ ಐಡ್ಲಿಂಗ್ ಹೊತ್ತಿನ ಗಾಳಿಯ ಹರಿವು ನೋಡಿ, ಇಜಿಆರ್ ತೆರೆದಾಗ ಅದು ಇಳಿಯದಿದ್ದರೆ ಒಳಗೆ ತಗಡು ಇದೆಯೆಂದೇ ತಿಳಿಯಬಹುದು. ಅದನ್ನು ತೆಗೆಸಿ, ಕವಾಟ ತೊಳೆಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡೇ ವ್ಯಾಪಾರ ಮುಗಿಸಬೇಕು.